ಸಿಸಿಎನ್‌ಎ 200-301 ತಯಾರಿ: ಪ್ಯಾಕೆಟ್‌ನ ದಾರಿ ಹಿಡಿದು ಓದುವ ಕ್ರಮ

ನೆಟ್‌ವರ್ಕಿಂಗ್ ಕೆಲಸಕ್ಕೆ ಸೇರಬೇಕೆನ್ನುವವರು ಮೊದಲು ಕೇಳಿಸಿಕೊಳ್ಳುವ ಹೆಸರು ಸಿಸಿಎನ್‌ಎ. ಸಿಸ್ಕೋ ಕಂಪನಿ 1998ರಲ್ಲಿ ಆರಂಭಿಸಿದ ಈ ಪ್ರಮಾಣಪತ್ರದ ಸ್ವರೂಪ ಹಲವು ಬಾರಿ ಬದಲಾಗಿದೆ. ರೂಟಿಂಗ್‌ಗೆ ಒಂದು, ಸೆಕ್ಯುರಿಟಿಗೆ ಒಂದು, ವೈರ್‌ಲೆಸ್‌ಗೆ ಒಂದು ಎಂದು ಕವಲೊಡೆದಿದ್ದ ಸಿಸಿಎನ್‌ಎಗಳನ್ನು 2020ರ ಫೆಬ್ರವರಿ 24ರಿಂದ 200-301 ಎಂಬ ಒಂದೇ ಪರೀಕ್ಷೆಯಾಗಿ ಸೇರಿಸಲಾಯಿತು. 2024ರ ಆಗಸ್ಟ್ 20ರಂದು ಅದರ 1.1 ಆವೃತ್ತಿ ಜಾರಿಗೆ ಬಂತು. ಈ ಬರಹ ಅದೇ ಆವೃತ್ತಿಯನ್ನು ಆಧರಿಸಿದೆ.

ಪಠ್ಯಪಟ್ಟಿ ಉದ್ದವಾಗಿದೆ, ಅದರಲ್ಲಿ ಸಂದೇಹವಿಲ್ಲ. ಅದನ್ನು ಬಿಡಿ ಬಿಡಿ ವಿಷಯಗಳಾಗಿ ಕಂಠಪಾಠ ಮಾಡಲು ಹೊರಟವರಿಗೆ ಮೂರನೆಯ ತಿಂಗಳು ಓದುವಾಗ ಮೊದಲ ತಿಂಗಳ ಪಾಠ ಮರೆತಿರುತ್ತದೆ. ಇದಕ್ಕೆ ನಾನು ನಂಬಿರುವ ಪರಿಹಾರ ಒಂದೇ. ಒಂದು ಕಂಪ್ಯೂಟರಿನಿಂದ ಹೊರಟ ಪ್ಯಾಕೆಟ್ (ಮಾಹಿತಿಯ ಚಿಕ್ಕ ಕಟ್ಟು) ಇನ್ನೊಂದನ್ನು ತಲುಪುವವರೆಗೆ ಏನೇನು ನಡೆಯುತ್ತದೆ ಎಂಬುದನ್ನು ಮೊದಲು ಗಟ್ಟಿಯಾಗಿ ಕಲಿಯಬೇಕು. ಆಮೇಲೆ ಬರುವ ಪ್ರತಿ ಪಾಠವನ್ನೂ ಆ ದಾರಿಯ ಮೇಲೆ ಅದರ ಜಾಗದಲ್ಲಿ ಇಟ್ಟು ನೋಡಬೇಕು. ಹಾಗೆ ಓದಿದವರಿಗೆ ಪರೀಕ್ಷೆಯಲ್ಲಿ ಹೊಸ ಪ್ರಶ್ನೆ ಎದುರಾದರೂ ಉತ್ತರದತ್ತ ನಡೆಯಲು ಒಂದು ದಾರಿ ಇರುತ್ತದೆ.

ಮೊದಲ ಹೆಜ್ಜೆ: ಪಠ್ಯಪಟ್ಟಿಯ ಕ್ರಿಯಾಪದಗಳನ್ನು ಓದಿ

ಸಿಸ್ಕೋ ತನ್ನ ಜಾಲತಾಣದಲ್ಲಿ ಪರೀಕ್ಷೆಯ ವಿಷಯಪಟ್ಟಿಯನ್ನು ಉಚಿತವಾಗಿ ಕೊಡುತ್ತದೆ. ಪುಸ್ತಕ ಕೊಳ್ಳುವ ಮೊದಲು, ವಿಡಿಯೊ ಸರಣಿ ಹುಡುಕುವ ಮೊದಲು ಅದನ್ನು ಮುದ್ರಿಸಿಕೊಳ್ಳಿ. ಅದರಲ್ಲಿ ಆರು ವಿಭಾಗಗಳಿವೆ: ನೆಟ್‌ವರ್ಕ್ ಮೂಲಪಾಠಗಳಿಗೆ ಶೇ 20, ಸ್ವಿಚ್‌ಗಳು ಮತ್ತು ವೈರ್‌ಲೆಸ್ ಇರುವ ನೆಟ್‌ವರ್ಕ್ ಆಕ್ಸೆಸ್‌ಗೆ ಶೇ 20, ರೂಟಿಂಗ್ ಇರುವ ಐಪಿ ಕನೆಕ್ಟಿವಿಟಿಗೆ ಶೇ 25, ಐಪಿ ಸೇವೆಗಳಿಗೆ ಶೇ 10, ಭದ್ರತೆಗೆ ಶೇ 15, ಆಟೊಮೇಷನ್‌ಗೆ ಶೇ 10.

ಈ ಅಂಕಿಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಪ್ರತಿ ಸಾಲಿನ ಆರಂಭದಲ್ಲಿರುವ ಕ್ರಿಯಾಪದ. ಕೆಲವು ಕಡೆ ‘ವಿವರಿಸಿ’ ಎಂದಿದೆ, ಕೆಲವು ಕಡೆ ‘ಹೋಲಿಸಿ’ ಎಂದಿದೆ, ಇನ್ನು ಕೆಲವು ಕಡೆ ‘ಕಾನ್ಫಿಗರ್ ಮಾಡಿ, ಪರಿಶೀಲಿಸಿ’ ಎಂದಿದೆ. ವಿಲ್ಯಾನ್, ಟ್ರಂಕ್, ಈಥರ್‌ಚಾನೆಲ್, ಸ್ಟ್ಯಾಟಿಕ್ ರೂಟ್, ಒಂದೇ ಏರಿಯಾದ ಓಎಸ್‌ಪಿಎಫ್, ನ್ಯಾಟ್, ಎನ್‌ಟಿಪಿ, ಡಿಎಚ್‌ಸಿಪಿ ರಿಲೇ, ಎಸ್‌ಎಸ್‌ಎಚ್, ಎಸಿಎಲ್, ಪೋರ್ಟ್ ಸೆಕ್ಯುರಿಟಿ ಇವೆಲ್ಲ ಕೊನೆಯ ಗುಂಪಿನವು. ಇವುಗಳನ್ನು ಕೀಬೋರ್ಡ್ ಮುಂದೆ ಕುಳಿತು, ಯಾವ ಟಿಪ್ಪಣಿಯನ್ನೂ ನೋಡದೆ ಮಾಡಲು ಬರಬೇಕು. ಗೇಟ್‌ವೇಗೆ (ಜಾಲದಿಂದ ಹೊರಹೋಗುವ ಬಾಗಿಲಾದ ರೂಟರಿಗೆ) ಬದಲಿ ಒದಗಿಸುವ ಎಚ್‌ಎಸ್‌ಆರ್‌ಪಿಯಂಥ ಪ್ರೋಟೊಕಾಲ್‌ಗಳ ವಿಷಯದಲ್ಲಿ ಅವುಗಳ ಉದ್ದೇಶ ವಿವರಿಸಲು ಬಂದರೆ ಸಾಕು. ಕಾನ್ಫಿಗರ್ ಮಾಡಬೇಕಾದ ಸಾಲುಗಳಿಗೆ ಕೆಂಪು ಗುರುತು ಹಾಕಿ. ನಿಮ್ಮ ಸಮಯದ ಹೆಚ್ಚಿನ ಪಾಲು ಆ ಕೆಂಪು ಸಾಲುಗಳಿಗೇ ಸಲ್ಲಬೇಕು.

ಹಳೆಯ ಪುಸ್ತಕ ಕೈಯಲ್ಲಿದ್ದರೆ ಎಸೆಯಬೇಕಾಗಿಲ್ಲ. 1.1 ಆವೃತ್ತಿಯಲ್ಲಿ ಬದಲಾದದ್ದು ಕಡಿಮೆ: ಕಾನ್ಫಿಗರೇಷನ್ ಕೆಲಸವನ್ನು ತಾನಾಗಿ ಮಾಡಿಸುವ ಸಾಧನಗಳಲ್ಲಿ ಪಪೆಟ್ ಮತ್ತು ಶೆಫ್ ಹೋಗಿ ಟೆರಾಫಾರ್ಮ್ ಬಂದಿದೆ, ಆನ್ಸಿಬಲ್ ಉಳಿದಿದೆ, ಕೃತಕ ಬುದ್ಧಿಮತ್ತೆ ಮತ್ತು ಮಷೀನ್ ಲರ್ನಿಂಗ್ ನೆಟ್‌ವರ್ಕ್ ನಿರ್ವಹಣೆಯಲ್ಲಿ ಏನು ಮಾಡುತ್ತವೆ ಎಂಬ ಸಾಲು ಸೇರಿದೆ, ಸ್ಪ್ಯಾನಿಂಗ್ ಟ್ರೀಯಲ್ಲಿ ರೂಟ್ ಗಾರ್ಡ್, ಲೂಪ್ ಗಾರ್ಡ್, ಬಿಪಿಡಿಯು ಗಾರ್ಡ್ ಮುಂತಾದವು ಹೊಸದಾಗಿ ಬಂದಿವೆ. ಉಳಿದ ಬುನಾದಿ ಅದೇ.

ಎರಡನೆಯ ಹೆಜ್ಜೆ: ಕಾಲ ಮತ್ತು ಸಲಕರಣೆ

ಕೆಲಸದಲ್ಲಿದ್ದುಕೊಂಡು ದಿನಕ್ಕೆ ಒಂದೂವರೆ ಎರಡು ಗಂಟೆ ಕೊಡಬಲ್ಲವರಿಗೆ ನಾಲ್ಕರಿಂದ ಆರು ತಿಂಗಳು ಬೇಕು. ಬೇರೆ ಕೆಲಸವಿಲ್ಲದ ವಿದ್ಯಾರ್ಥಿಗೆ ಮೂರು ತಿಂಗಳು ಸಾಕಾಗಬಹುದು. ಒಂದೇ ತಿಂಗಳಲ್ಲಿ ಮುಗಿಸಿಕೊಡುತ್ತೇವೆ ಎನ್ನುವ ಜಾಹೀರಾತುಗಳು ಈಗಾಗಲೇ ಆ ಕೆಲಸದಲ್ಲಿ ಪಳಗಿದವರಿಗೆ ಹೊಂದಬಹುದು, ಹೊಸಬರಿಗೆ ಹೊಂದುವುದಿಲ್ಲ. ವಾರಾಂತ್ಯದಲ್ಲಿ ಎಂಟು ಗಂಟೆ ಓದಿ ಉಳಿದ ದಿನ ಪುಸ್ತಕ ಮುಟ್ಟದಿರುವುದಕ್ಕಿಂತ ಪ್ರತಿದಿನದ ಒಂದು ಗಂಟೆ ಎಷ್ಟೋ ಮೇಲು, ಏಕೆಂದರೆ ಸಬ್‌ನೆಟ್ಟಿಂಗ್ (ದೊಡ್ಡ ಜಾಲವನ್ನು ಚಿಕ್ಕವಾಗಿ ಒಡೆಯುವ ಲೆಕ್ಕ) ಮತ್ತು ಕಮಾಂಡ್‌ಗಳು ಕೈಗೆ ಹತ್ತುವುದು ಅಭ್ಯಾಸದ ನಿರಂತರತೆಯಿಂದಲೇ.

ಹಣದ ಲೆಕ್ಕವನ್ನು ಈಗಲೇ ಹಾಕಿಕೊಳ್ಳಿ. ಪರೀಕ್ಷಾ ಶುಲ್ಕ 300 ಅಮೆರಿಕನ್ ಡಾಲರ್, ಅದರ ಮೇಲೆ ತೆರಿಗೆ. ನಮ್ಮಲ್ಲಿ ಅನೇಕ ಕುಟುಂಬಗಳಿಗೆ ಇದು ಸಣ್ಣ ಮೊತ್ತವಲ್ಲ. ಆದ್ದರಿಂದ ಉಳಿದ ಖರ್ಚನ್ನು ಆದಷ್ಟು ಕಡಿಮೆ ಮಾಡುವುದು ಜಾಣತನ, ಮತ್ತು ಅದು ಸಾಧ್ಯವಿದೆ. ಪ್ರಯೋಗ ಮಾಡಲು ನಿಜವಾದ ರೂಟರ್ ಕೊಳ್ಳುವ ಅಗತ್ಯವಿಲ್ಲ. ಸಿಸ್ಕೋದ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಉಚಿತ ಖಾತೆ ತೆರೆದರೆ ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶ ಸಿಗುತ್ತದೆ. ಸಾಧಾರಣ ಲ್ಯಾಪ್‌ಟಾಪಿನಲ್ಲೂ ಅದು ನಡೆಯುತ್ತದೆ, ಸಿಸಿಎನ್‌ಎ ಮಟ್ಟಕ್ಕೆ ಧಾರಾಳವಾಗಿ ಸಾಕು. ಇನ್ನೂ ಮುಂದೆ ಹೋಗಬಯಸುವವರಿಗೆ ಜಿಎನ್‌ಎಸ್3, ಇವಿಇ-ಎನ್‌ಜಿ ಇವೆ. ಅವುಗಳಿಗೆ ಹೆಚ್ಚು ಮೆಮೊರಿ ಬೇಕು, ಸಿದ್ಧಪಡಿಸಲು ಸಮಯವೂ ಬೇಕು. ಆರಂಭದಲ್ಲೇ ಅವುಗಳ ಹಿಂದೆ ಬಿದ್ದರೆ ಓದುವ ವಾರಗಳು ತಂತ್ರಾಂಶ ಸರಿಪಡಿಸುವುದರಲ್ಲೇ ಕಳೆಯುತ್ತವೆ. ಜಾಲದ ಮೇಲೆ ಹರಿಯುವ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ಮಾತ್ರ ಮೊದಲ ದಿನವೇ ಇಳಿಸಿಕೊಳ್ಳಿ. ನಿಮ್ಮ ಮನೆಯ ವೈಫೈ ಮೇಲೆ ಹರಿಯುತ್ತಿರುವ ಎಆರ್‌ಪಿ, ಡಿಎನ್‌ಎಸ್, ಟಿಸಿಪಿಗಳನ್ನು ಕಣ್ಣಾರೆ ಕಂಡಾಗ ಪುಸ್ತಕದ ಮಾತಿಗೆ ಜೀವ ಬರುತ್ತದೆ.

ಒಂದು ಮುಖ್ಯ ಪಠ್ಯ, ಒಂದು ಪ್ರಯೋಗದ ಸಲಕರಣೆ, ಒಂದು ಪ್ರಶ್ನಾಭ್ಯಾಸದ ಮೂಲ. ಇಷ್ಟೇ ಇರಲಿ. ಐದು ಕೋರ್ಸ್‌ಗಳನ್ನು ಅರ್ಧರ್ಧ ನೋಡುವುದರಿಂದ ತಿಳಿದಂತೆ ಅನಿಸುವುದು ಹೆಚ್ಚುತ್ತದೆ, ತಿಳಿವಳಿಕೆ ಹೆಚ್ಚುವುದಿಲ್ಲ.

ಮೂರನೆಯ ಹೆಜ್ಜೆ: ಪ್ಯಾಕೆಟ್‌ನ ಪಯಣ

ಪ್ಯಾಕೆಟ್ ಟ್ರೇಸರಿನಲ್ಲಿ ಒಂದು ರೂಟರ್, ಅದರ ಎರಡು ಕಡೆ ಒಂದೊಂದು ಸ್ವಿಚ್, ಪ್ರತಿ ಸ್ವಿಚ್‌ಗೆ ಒಂದು ಕಂಪ್ಯೂಟರ್ ಜೋಡಿಸಿ. ಎಡಗಡೆಯ ಕಂಪ್ಯೂಟರಿಗೆ 192.168.10.20, ಬಲಗಡೆಯದಕ್ಕೆ 192.168.20.30, ಎರಡಕ್ಕೂ /24 ಮಾಸ್ಕ್ (ವಿಳಾಸದ ಎಷ್ಟು ಭಾಗ ಜಾಲದ್ದೆಂದು ಹೇಳುವ ಸಂಖ್ಯೆ). ರೂಟರಿನ ಎರಡು ಇಂಟರ್‌ಫೇಸ್‌ಗಳಿಗೆ 192.168.10.1 ಮತ್ತು 192.168.20.1 ಕೊಡಿ, ಅವೇ ಕಂಪ್ಯೂಟರ್‌ಗಳ ಗೇಟ್‌ವೇ. ಈಗ ಎಡದಿಂದ ಬಲಕ್ಕೆ ಪಿಂಗ್ ಮಾಡಿ, ಅಂದರೆ ತಲುಪುತ್ತದೆಯೇ ಎಂದು ನೋಡುವ ಪ್ಯಾಕೆಟ್ ಕಳುಹಿಸಿ.

ಮೊದಲ ಪಿಂಗ್ ಬಹುಮಟ್ಟಿಗೆ ವಿಫಲವಾಗುತ್ತದೆ, ಆಮೇಲಿನವು ಗೆಲ್ಲುತ್ತವೆ. ಏಕೆ? ಈ ಒಂದು ಪ್ರಶ್ನೆಗೆ ಪೂರ್ಣ ಉತ್ತರ ಹೇಳಲು ಬಂದರೆ ಮೂಲಪಾಠಗಳ ಅರ್ಧ ಭಾಗ ನಿಮ್ಮದಾಯಿತು.

ಕಳುಹಿಸುವ ಕಂಪ್ಯೂಟರ್ ಮೊದಲು ತನ್ನ ಮಾಸ್ಕ್ ಬಳಸಿ ಗಮ್ಯದ ವಿಳಾಸ ತನ್ನದೇ ಜಾಲದಲ್ಲಿದೆಯೇ ಎಂದು ನೋಡುತ್ತದೆ. ಇಲ್ಲ ಎಂದು ತಿಳಿದಾಗ ಗೇಟ್‌ವೇಗೆ ಒಪ್ಪಿಸಲು ನಿರ್ಧರಿಸುತ್ತದೆ. ಗೇಟ್‌ವೇಯ ಐಪಿ ಗೊತ್ತು, ಮ್ಯಾಕ್ ವಿಳಾಸ (ಯಂತ್ರದ ಜಾಲ ಕಾರ್ಡಿನ ವಿಳಾಸ) ಗೊತ್ತಿಲ್ಲ. ಆದ್ದರಿಂದ ಈ ಐಪಿಯ ಮ್ಯಾಕ್ ಯಾವುದೆಂದು ಕೇಳುವ ಎಆರ್‌ಪಿ ವಿನಂತಿಯನ್ನು ಬ್ರಾಡ್‌ಕಾಸ್ಟ್ ಮಾಡುತ್ತದೆ, ಅಂದರೆ ಜಾಲದ ಎಲ್ಲರಿಗೂ ಕಳುಹಿಸುತ್ತದೆ. ಸ್ವಿಚ್ ಆ ಫ್ರೇಮಿನ (ಕೇಬಲ್ ಮೇಲೆ ಸಾಗುವ ಲಕೋಟೆಯ) ಮೂಲ ಮ್ಯಾಕ್ ವಿಳಾಸ ಯಾವ ಪೋರ್ಟಿನಿಂದ ಬಂತೆಂದು ತನ್ನ ಪಟ್ಟಿಯಲ್ಲಿ ಬರೆದುಕೊಂಡು, ಬಂದ ಪೋರ್ಟನ್ನು ಬಿಟ್ಟು ಉಳಿದೆಲ್ಲಕ್ಕೂ ಕಳುಹಿಸುತ್ತದೆ. ರೂಟರ್ ಉತ್ತರಿಸುತ್ತದೆ. ಈಗ ಕಂಪ್ಯೂಟರ್ ಪ್ಯಾಕೆಟ್ಟನ್ನು ಫ್ರೇಮಿನಲ್ಲಿಟ್ಟು ಕಳುಹಿಸುತ್ತದೆ: ಗಮ್ಯದ ಐಪಿ 192.168.20.30, ಆದರೆ ಗಮ್ಯದ ಮ್ಯಾಕ್ ರೂಟರಿನದು. ರೂಟರ್ ಆ ಫ್ರೇಮನ್ನು ಬಿಚ್ಚಿ, ಟಿಟಿಎಲ್ (ಪ್ಯಾಕೆಟ್ ಇನ್ನೆಷ್ಟು ರೂಟರ್ ದಾಟಬಹುದೆಂಬ ಎಣಿಕೆ) ಅನ್ನು ಒಂದು ಕಡಿಮೆ ಮಾಡಿ, ರೂಟಿಂಗ್ ಟೇಬಲ್ ನೋಡಿ, ಹೊರಡುವ ಇಂಟರ್‌ಫೇಸ್ ಆರಿಸುತ್ತದೆ. ಅಲ್ಲಿ ಮತ್ತೆ 192.168.20.30ರ ಮ್ಯಾಕ್ ಗೊತ್ತಿಲ್ಲ. ಅದಕ್ಕಾಗಿ ಎಆರ್‌ಪಿ ಕಳುಹಿಸಿ ಉತ್ತರಕ್ಕೆ ಕಾಯುವ ಹೊತ್ತಿನಲ್ಲಿ ಮೊದಲ ಪ್ಯಾಕೆಟ್ಟನ್ನು ಬಿಟ್ಟುಬಿಡುತ್ತದೆ. ಎರಡನೆಯದು ಬರುವ ವೇಳೆಗೆ ಉತ್ತರ ಸಿಕ್ಕಿರುತ್ತದೆ.

ಇದರಲ್ಲಿ ಐಪಿ ವಿಳಾಸಗಳು ಆರಂಭದಿಂದ ಕೊನೆಯವರೆಗೆ ಹಾಗೇ ಉಳಿದವು, ಮ್ಯಾಕ್ ವಿಳಾಸಗಳು ರೂಟರ್ ದಾಟಿದಾಗ ಬದಲಾದವು. ಪರೀಕ್ಷೆಯಲ್ಲಿ ಇದನ್ನೇ ನಾನಾ ವೇಷಗಳಲ್ಲಿ ಕೇಳಬಹುದು. ಪ್ಯಾಕೆಟ್ ಟ್ರೇಸರಿನ ಸಿಮ್ಯುಲೇಷನ್ ಮೋಡ್‌ಗೆ ಹೋಗಿ, ಒಂದೊಂದೇ ಹಂತ ಮುಂದೆ ಒತ್ತುತ್ತ, ಪ್ರತಿ ಹಂತದಲ್ಲಿ ಮೂಲ ಮತ್ತು ಗಮ್ಯದ ನಾಲ್ಕು ವಿಳಾಸಗಳನ್ನು ಕಾಗದದ ಮೇಲೆ ಬರೆಯಿರಿ. ಬರೆದ ಮೇಲೆ ತೆರೆಯ ಮೇಲಿನದರೊಂದಿಗೆ ಹೋಲಿಸಿ. ಈ ಅಭ್ಯಾಸವನ್ನು ಬೇಸರವಾಗುವವರೆಗೂ ಮಾಡಿ.

ಇಲ್ಲಿ ಕನ್ನಡದ ಓದುಗರಿಗೆ ಒಂದು ಮಾತು. ಈ ಪಯಣವನ್ನು ಮನೆಯವರಿಗೋ ಗೆಳೆಯರಿಗೋ ಕನ್ನಡದಲ್ಲಿ ವಿವರಿಸಿ. ಪುಸ್ತಕದ ಇಂಗ್ಲಿಷ್ ವಾಕ್ಯವನ್ನು ಒಪ್ಪಿಸುವಾಗ ಅರ್ಥವಾಗದ ಭಾಗ ಮರೆಯಾಗಿಬಿಡುತ್ತದೆ, ನಿಮ್ಮದೇ ಮಾತಿನಲ್ಲಿ ಹೇಳುವಾಗ ಅದು ಕೂಡಲೇ ಬಯಲಾಗುತ್ತದೆ. ಪರೀಕ್ಷೆ ಕನ್ನಡದಲ್ಲಿಲ್ಲ, ನಿಜ. ಯೋಚನೆ ಕನ್ನಡದಲ್ಲಿ ನಡೆಯುವುದಕ್ಕೆ ಅದು ಅಡ್ಡಿಯಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರು ಈ ವಿಷಯದಲ್ಲಿ ಹಿಂಜರಿಯಬೇಕಾಗಿಲ್ಲ.

ನಾಲ್ಕನೆಯ ಹೆಜ್ಜೆ: ಸಬ್‌ನೆಟ್ಟಿಂಗ್ ಕೈಗೂಡುವವರೆಗೆ

ಸಬ್‌ನೆಟ್ಟಿಂಗ್‌ಗೆ ಹೆದರುವವರು ಬಹಳ. ಹೆದರಿಕೆಗೆ ಕಾರಣ, ಅದನ್ನು ಬೈನರಿಯಲ್ಲೇ ಉದ್ದಕ್ಕೂ ಮಾಡಿಸುವ ಪಾಠಕ್ರಮ. ಬೈನರಿಯನ್ನು ಒಮ್ಮೆ ಅರ್ಥ ಮಾಡಿಕೊಳ್ಳಿ, ಅದು ಅಗತ್ಯ. ಲೆಕ್ಕ ಮಾಡುವಾಗ ಮಾತ್ರ ಬ್ಲಾಕ್ ಗಾತ್ರದ ವಿಧಾನ ಬಳಸಿ.

192.168.10.77/26 ಎಂದು ಕೊಟ್ಟಿದ್ದಾರೆ ಎನ್ನೋಣ. /26 ಎಂದರೆ ಮಾಸ್ಕ್ 255.255.255.192. 256ರಿಂದ 192 ಕಳೆದರೆ 64, ಅದೇ ಬ್ಲಾಕ್ ಗಾತ್ರ. ಜಾಲಗಳು 0, 64, 128, 192ರಿಂದ ಆರಂಭವಾಗುತ್ತವೆ. 77 ಇರುವುದು 64 ಮತ್ತು 128ರ ನಡುವೆ. ಹಾಗಾಗಿ ಜಾಲದ ವಿಳಾಸ 192.168.10.64, ಬ್ರಾಡ್‌ಕಾಸ್ಟ್ 127ಕ್ಕೆ ಕೊನೆಗೊಳ್ಳುತ್ತದೆ, ಬಳಸಬಹುದಾದವು 65ರಿಂದ 126, ಒಟ್ಟು 62.

ಇದೇ ವಿಧಾನ ಮೂರನೆಯ ಭಾಗಕ್ಕೂ ಸಲ್ಲುತ್ತದೆ. 172.16.45.200/20 ತೆಗೆದುಕೊಳ್ಳಿ. ಮಾಸ್ಕ್ 255.255.240.0. 256ರಲ್ಲಿ 240 ಕಳೆದರೆ 16. ಮೂರನೆಯ ಭಾಗದಲ್ಲಿ 0, 16, 32, 48 ಎಂದು ಎಣಿಸಿ. 45 ಇರುವುದು 32ರ ಬ್ಲಾಕಿನಲ್ಲಿ. ಜಾಲ 172.16.32.0, ಬ್ರಾಡ್‌ಕಾಸ್ಟ್ 172.16.47.255, ಹೋಸ್ಟ್‌ಗಳು 4094. ನಾಲ್ಕನೆಯ ಭಾಗದ 200 ಇಲ್ಲಿ ಗಮನ ಬೇರೆಡೆಗೆ ಸೆಳೆಯುವುದಕ್ಕಷ್ಟೇ ಇದೆ.

ಇದು ಸಲೀಸಾದ ಮೇಲೆ ಬೇರೆ ಬೇರೆ ಗಾತ್ರದ ಜಾಲಗಳನ್ನು ಕತ್ತರಿಸುವ ಅಭ್ಯಾಸ. 192.168.50.0/24 ಒಂದೇ ಇದೆ, ನಾಲ್ಕು ಜಾಲಗಳಿಗೆ ಕ್ರಮವಾಗಿ 100, 50, 20, 2 ಹೋಸ್ಟ್‌ಗಳು ಬೇಕು. ದೊಡ್ಡದರಿಂದ ಆರಂಭಿಸುವುದೇ ನಿಯಮ. ನೂರಕ್ಕೆ /25, ಅಂದರೆ 0ಯಿಂದ 127. ಐವತ್ತಕ್ಕೆ /26, 128ರಿಂದ 191. ಇಪ್ಪತ್ತಕ್ಕೆ /27, 192ರಿಂದ 223. ಎರಡಕ್ಕೆ /30, 224ರಿಂದ 227. ಉಳಿದದ್ದು ಮುಂದಿನ ಬೆಳವಣಿಗೆಗೆ. ಚಿಕ್ಕದರಿಂದ ಆರಂಭಿಸಿದರೆ ದೊಡ್ಡ ಬ್ಲಾಕಿನ ಗಡಿ ಹೊಂದದೆ ನಡುವೆ ಜಾಗ ವ್ಯರ್ಥವಾಗುತ್ತದೆ.

ಪ್ರತಿದಿನ ಬೆಳಿಗ್ಗೆ ಹತ್ತು ಲೆಕ್ಕಗಳನ್ನು ಗಡಿಯಾರ ಇಟ್ಟುಕೊಂಡು ಮಾಡಿ. ಪರೀಕ್ಷೆಯ ಹೊತ್ತಿಗೆ ಒಂದು ಲೆಕ್ಕ ಅರ್ಧ ನಿಮಿಷದೊಳಗೆ ಮುಗಿಯಬೇಕು. ಇದರ ಫಲ ಸಬ್‌ನೆಟ್ಟಿಂಗ್ ಪ್ರಶ್ನೆಗಳಿಗಷ್ಟೇ ಸೀಮಿತವಲ್ಲ. ರೂಟಿಂಗ್ ಟೇಬಲ್, ಎಸಿಎಲ್ (ಯಾವ ಸಂಚಾರ ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಪಟ್ಟಿ), ಓಎಸ್‌ಪಿಎಫ್ (ರೂಟರ್‌ಗಳು ದಾರಿಗಳನ್ನು ಪರಸ್ಪರ ತಿಳಿಸಿಕೊಳ್ಳುವ ಪ್ರೋಟೊಕಾಲ್) ಎಲ್ಲದರ ಒಳಗೂ ಈ ಲೆಕ್ಕ ಅಡಗಿದೆ. ಎಸಿಎಲ್‌ನ ವೈಲ್ಡ್‌ಕಾರ್ಡ್ ಮಾಸ್ಕ್ ಕೂಡ ಇದರದೇ ತಿರುವು: 255.255.255.192 ಇದ್ದಲ್ಲಿ 0.0.0.63, ಅಂದರೆ ಬ್ಲಾಕ್ ಗಾತ್ರಕ್ಕಿಂತ ಒಂದು ಕಡಿಮೆ.

ಐಪಿವಿ6 ಬಗ್ಗೆ ಚಿಕ್ಕದಾಗಿ. ಅಲ್ಲಿ ಲೆಕ್ಕ ಕಡಿಮೆ, ವಿಳಾಸದ ಬಗೆಗಳನ್ನು ಗುರುತಿಸುವುದು ಹೆಚ್ಚು. ಸೊನ್ನೆಗಳನ್ನು ಸಂಕ್ಷೇಪಿಸುವ ನಿಯಮ, ಜೋಡಿ ವಿಸರ್ಗಚಿಹ್ನೆ (::) ಒಂದು ವಿಳಾಸದಲ್ಲಿ ಒಮ್ಮೆ ಮಾತ್ರ ಬರಬಹುದೆಂಬುದು, ಎಫ್‌ಇ80ರಿಂದ ಆರಂಭವಾಗುವ ಲಿಂಕ್-ಲೋಕಲ್ ವಿಳಾಸ ರೂಟರ್ ದಾಟುವುದಿಲ್ಲವೆಂಬುದು, ಇಯುಐ-64ರಲ್ಲಿ ಮ್ಯಾಕ್ ವಿಳಾಸದ ನಡುವೆ ಎಫ್‌ಎಫ್‌ಎಫ್‌ಇ ಸೇರಿ ಏಳನೆಯ ಬಿಟ್ ತಿರುವುಮುರುವಾಗುತ್ತದೆ ಎಂಬುದು, ಇವು ಬಾಯಿಗೆ ಬರಬೇಕು.

ಐದನೆಯ ಹೆಜ್ಜೆ: ಸ್ವಿಚ್‌ಗಳ ಒಳಗೆ

ಒಂದು ಸ್ವಿಚ್ಚನ್ನು ಹಲವು ಜಾಲಗಳಾಗಿ ಒಡೆಯುವುದು ವಿಲ್ಯಾನ್, ಹಲವು ವಿಲ್ಯಾನ್‌ಗಳನ್ನು ಒಂದೇ ಕೇಬಲ್ ಮೇಲೆ ಸಾಗಿಸುವುದು ಟ್ರಂಕ್. ಎರಡು ಸ್ವಿಚ್, ಎರಡು ವಿಲ್ಯಾನ್, ಒಂದು ಟ್ರಂಕ್ ಹಾಕಿ ಪ್ರಯೋಗ ಶುರು ಮಾಡಿ. ಆಮೇಲೆ ರೂಟರಿನ ಸಬ್-ಇಂಟರ್‌ಫೇಸ್‌ಗಳ ಮೂಲಕ ವಿಲ್ಯಾನ್‌ಗಳ ನಡುವೆ ಸಂಚಾರ ಕೊಡಿ, ಅದೇ ಕೆಲಸವನ್ನು ಮೂರನೆಯ ಸ್ತರದ ಸ್ವಿಚ್ಚಿನಲ್ಲೂ ಮಾಡಿ ನೋಡಿ.

ಟ್ರಂಕ್ ವಿಷಯದಲ್ಲಿ ಕೆಲಸದ ಜಾಗದಲ್ಲೂ ಆಗಾಗ ಅನಾಹುತ ಮಾಡುವ ಒಂದು ಸಂಗತಿ ಇದೆ. ವಿಲ್ಯಾನ್ 10 ಈಗಾಗಲೇ ಟ್ರಂಕ್ ಮೇಲೆ ಅನುಮತಿ ಪಡೆದಿದೆ, ಈಗ 20ನ್ನೂ ಸೇರಿಸಬೇಕು. ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೋಡ್ ವಿಲ್ಯಾನ್ 20’ ಎಂದು ಕೊಟ್ಟರೆ 20 ಬರುತ್ತದೆ, 10 ಹೋಗುತ್ತದೆ. ಸಂಖ್ಯೆಯ ಮುಂಚೆ ‘ಆ್ಯಡ್’ ಪದ ಇರಲೇಬೇಕು. ಇದನ್ನು ಪ್ಯಾಕೆಟ್ ಟ್ರೇಸರಿನಲ್ಲಿ ಬೇಕೆಂದೇ ತಪ್ಪಾಗಿ ಮಾಡಿ, ವಿಲ್ಯಾನ್ 10ರ ಪಿಂಗ್ ನಿಲ್ಲುವುದನ್ನು ನೋಡಿ.

ಸ್ವಿಚ್‌ಗಳ ನಡುವೆ ಫ್ರೇಮ್‌ಗಳು ಸುತ್ತುತ್ತಲೇ ಇರುವುದನ್ನು ತಡೆಯುವ ಸ್ಪ್ಯಾನಿಂಗ್ ಟ್ರೀ ಪಾಠದಲ್ಲಿ ಬಹುತೇಕರು ನಿಯಮಗಳನ್ನು ಉರು ಹೊಡೆಯುತ್ತಾರೆ. ಅದಕ್ಕೆ ಬದಲು ಮೂರು ಸ್ವಿಚ್‌ಗಳನ್ನು ತ್ರಿಕೋನವಾಗಿ ಜೋಡಿಸಿ, ಪ್ರತಿಯೊಂದರ ಮ್ಯಾಕ್ ವಿಳಾಸ ಬರೆದುಕೊಂಡು, ರೂಟ್ ಬ್ರಿಡ್ಜ್ ಯಾವುದಾಗುತ್ತದೆ, ಯಾವ ಪೋರ್ಟ್ ಮುಚ್ಚುತ್ತದೆ ಎಂದು ಮೊದಲೇ ಬರೆದಿಡಿ. ಆಮೇಲೆ ‘ಶೋ ಸ್ಪ್ಯಾನಿಂಗ್-ಟ್ರೀ’ ಕೊಡಿ. ಪ್ರಯಾರಿಟಿ ಎಲ್ಲದರಲ್ಲೂ ಸಮನಾಗಿದ್ದಾಗ ಅತಿ ಕಡಿಮೆ ಮ್ಯಾಕ್ ವಿಳಾಸದ ಸ್ವಿಚ್ ಗೆಲ್ಲುತ್ತದೆ. ಹಾಗೆ ಗೆಲ್ಲುವುದು ಅನೇಕ ವೇಳೆ ಮೂಲೆಯಲ್ಲಿರುವ ಹಳೆಯ ಸ್ವಿಚ್ ಆಗಿರುತ್ತದೆ. ಆದ್ದರಿಂದಲೇ ಪ್ರಯಾರಿಟಿಯನ್ನು ನಾವೇ ನಿಗದಿ ಮಾಡಬೇಕು, ಅದು 4096ರ ಗುಣಕಗಳಲ್ಲಿ. ಮೂಲ ಬೆಲೆ 32768 ಎಂದು ಓದಿರುತ್ತೀರಿ, ತೆರೆಯ ಮೇಲೆ 32769 ಕಾಣುತ್ತದೆ. ವಿಲ್ಯಾನ್ ಸಂಖ್ಯೆ 1 ಅದಕ್ಕೆ ಕೂಡಿಕೊಂಡಿರುವುದೇ ಕಾರಣ.

ಹಲವು ಕೇಬಲ್‌ಗಳನ್ನು ಒಂದೇ ಕೊಂಡಿಯಾಗಿ ಕಟ್ಟುವ ಈಥರ್‌ಚಾನೆಲ್‌ಗೆ ಒಂದು ಸಂಜೆ ಸಾಕು. ಅದನ್ನು ಏರ್ಪಡಿಸುವ ಎಲ್‌ಎಸಿಪಿಯಲ್ಲಿ ಎರಡೂ ಕಡೆ ‘ಪ್ಯಾಸಿವ್’ ಇದ್ದರೆ ಬಂಧ ಏರ್ಪಡುವುದಿಲ್ಲ, ಒಂದು ಕಡೆಯಾದರೂ ‘ಆ್ಯಕ್ಟಿವ್’ ಇರಬೇಕು. ವೈರ್‌ಲೆಸ್ ಭಾಗದಲ್ಲಿ ಕಂಟ್ರೋಲರ್ ಮತ್ತು ಆ್ಯಕ್ಸೆಸ್ ಪಾಯಿಂಟ್‌ಗಳ ಸಂಬಂಧ, 2.4 ಗಿಗಾಹರ್ಟ್ಸ್‌ನಲ್ಲಿ ಒಂದನ್ನೊಂದು ಅತಿಕ್ರಮಿಸದ 1, 6, 11 ಚಾನೆಲ್‌ಗಳು, ಡಬ್ಲ್ಯುಪಿಎ2 ಪಾಸ್‌ವರ್ಡ್ ಇರುವ ಜಾಲವನ್ನು ಕಂಟ್ರೋಲರಿನ ಪುಟದಲ್ಲಿ ರೂಪಿಸುವುದು, ಇಷ್ಟನ್ನು ಬಿಡಬೇಡಿ.

ಆರನೆಯ ಹೆಜ್ಜೆ: ರೂಟಿಂಗ್ ಟೇಬಲನ್ನು ಓದುವುದು

ಅತಿ ಹೆಚ್ಚು ತೂಕವಿರುವ ವಿಭಾಗ ಇದು, ಮನಸ್ಸಿಗೆ ಅತ್ಯಂತ ತೃಪ್ತಿ ಕೊಡುವುದೂ ಇದೇ. ‘ಶೋ ಐಪಿ ರೂಟ್’ ಕೊಟ್ಟಾಗ ಬರುವ ಪ್ರತಿ ಅಕ್ಷರಕ್ಕೂ ಅರ್ಥ ಹೇಳಲು ಬರಬೇಕು. [110/2] ಎಂದಿದ್ದರೆ ಮೊದಲನೆಯದು ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ (ದಾರಿ ತಿಳಿಸಿದ ಮೂಲವನ್ನು ಎಷ್ಟು ನಂಬಬೇಕೆಂಬ ಸಂಖ್ಯೆ, ಕಡಿಮೆಯಿದ್ದಷ್ಟು ಮೇಲು), ಎರಡನೆಯದು ಮೆಟ್ರಿಕ್ (ಆ ದಾರಿಯ ವೆಚ್ಚ). ನೇರ ಜೋಡಣೆಗೆ 0, ಸ್ಟ್ಯಾಟಿಕ್‌ಗೆ 1, ಹೊರಗಿನ ಬಿಜಿಪಿಗೆ 20, ಇಐಜಿಆರ್‌ಪಿಗೆ 90, ಓಎಸ್‌ಪಿಎಫ್‌ಗೆ 110, ಆರ್‌ಐಪಿಗೆ 120. ಈ ಸಂಖ್ಯೆಗಳನ್ನು ನೆನಪಿಡಲೇಬೇಕು.

ಈಗ ಅನೇಕರು ಎಡವುವ ಜಾಗಕ್ಕೆ ಬರೋಣ. ಒಂದು ರೂಟರಿನ ಟೇಬಲಿನಲ್ಲಿ 10.1.0.0/16 ಓಎಸ್‌ಪಿಎಫ್‌ನಿಂದ ಬಂದಿದೆ, 10.1.5.0/24 ಆರ್‌ಐಪಿಯಿಂದ ಬಂದಿದೆ, ಜೊತೆಗೆ ಒಂದು ಡಿಫಾಲ್ಟ್ ರೂಟ್ ಇದೆ. 10.1.5.7ಕ್ಕೆ ಹೋಗುವ ಪ್ಯಾಕೆಟ್ ಯಾವ ದಾರಿ ಹಿಡಿಯುತ್ತದೆ? ಓಎಸ್‌ಪಿಎಫ್‌ನ 110 ಆರ್‌ಐಪಿಯ 120ಕ್ಕಿಂತ ಕಡಿಮೆ ಎಂದು ಅವಸರದಲ್ಲಿ ಓಎಸ್‌ಪಿಎಫ್ ಆರಿಸುವವರು ತಪ್ಪುತ್ತಾರೆ. ಪ್ಯಾಕೆಟ್ ಬಂದಾಗ ರೂಟರ್ ನೋಡುವುದು ಅತಿ ಉದ್ದವಾಗಿ ಹೊಂದುವ ಪ್ರಿಫಿಕ್ಸನ್ನು, ಅದು /24. ಹಾಗಾಗಿ ಆರ್‌ಐಪಿಯ ದಾರಿ. ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ ಲೆಕ್ಕಕ್ಕೆ ಬರುವುದು ಇದಕ್ಕೂ ಮೊದಲು: ಒಂದೇ ಜಾಲಕ್ಕೆ, ಒಂದೇ ಉದ್ದದ ಪ್ರಿಫಿಕ್ಸಿಗೆ ಎರಡು ಮೂಲಗಳಿಂದ ದಾರಿ ಸಿಕ್ಕಾಗ ಯಾವುದನ್ನು ಟೇಬಲಿಗೆ ಸೇರಿಸಬೇಕೆಂದು ತೀರ್ಮಾನಿಸಲು. ಈ ಎರಡು ತೀರ್ಮಾನಗಳು ಬೇರೆ ಬೇರೆ ಕಾಲದಲ್ಲಿ ನಡೆಯುತ್ತವೆ ಎಂಬುದು ಮನಸ್ಸಿನಲ್ಲಿ ಕುಳಿತರೆ ಈ ಬಗೆಯ ಯಾವ ಪ್ರಶ್ನೆಯೂ ಕಷ್ಟವಾಗುವುದಿಲ್ಲ.

ಸ್ಟ್ಯಾಟಿಕ್ ರೂಟ್‌ಗಳಿಂದ ಆರಂಭಿಸಿ. ಮೂರು ರೂಟರ್‌ಗಳನ್ನು ಸಾಲಾಗಿ ಜೋಡಿಸಿ ಎರಡು ತುದಿಗಳ ನಡುವೆ ಪಿಂಗ್ ಮಾಡಿಸಿ. ಹೋಗುವ ದಾರಿ ಕೊಟ್ಟು ಬರುವ ದಾರಿ ಕೊಡದೆ ಏನಾಗುತ್ತದೆ ನೋಡಿ. ಪ್ಯಾಕೆಟ್ ತಲುಪಿರುತ್ತದೆ, ಉತ್ತರ ಮಾತ್ರ ಹಿಂದಿರುಗುವುದಿಲ್ಲ. ಬಳಿಕ ಬದಲಿ ಕೊಂಡಿ ಸೇರಿಸಿ, ಡಿಸ್ಟೆನ್ಸ್ ಹೆಚ್ಚಿಸಿದ ಸ್ಟ್ಯಾಟಿಕ್ ರೂಟ್ ಹಾಕಿ, ಮುಖ್ಯ ಕೊಂಡಿಯನ್ನು ಮುಚ್ಚಿ, ಬದಲಿ ದಾರಿ ಟೇಬಲಿಗೆ ಬರುವುದನ್ನು ಗಮನಿಸಿ.

ಓಎಸ್‌ಪಿಎಫ್‌ನಲ್ಲಿ ಸಮಯದ ಬಹುಪಾಲು ನೆರೆಯ ರೂಟರ್‌ಗಳ ಸಂಬಂಧಕ್ಕೆ ಮೀಸಲಿಡಿ. ಎರಡು ರೂಟರ್‌ಗಳು ಏಕೆ ನೆರೆಹೊರೆಯಾಗುತ್ತಿಲ್ಲ ಎಂಬುದೇ ಪರೀಕ್ಷೆಯಲ್ಲೂ ಕೆಲಸದಲ್ಲೂ ಪದೇ ಪದೇ ಬರುವ ಪ್ರಶ್ನೆ. ಏರಿಯಾ ಸಂಖ್ಯೆ ಬೇರೆ ಇರಬಹುದು, ಸಬ್‌ನೆಟ್ ಹೊಂದದಿರಬಹುದು, ಹಲೋ ಮತ್ತು ಡೆಡ್ ಅವಧಿಗಳು ಬೇರೆಯಾಗಿರಬಹುದು (ಈಥರ್ನೆಟ್‌ನಲ್ಲಿ ಅವು ಸಾಮಾನ್ಯವಾಗಿ 10 ಮತ್ತು 40 ಸೆಕೆಂಡು), ಇಂಟರ್‌ಫೇಸನ್ನು ಪ್ಯಾಸಿವ್ ಮಾಡಿರಬಹುದು, ಎರಡರ ರೂಟರ್ ಐಡಿ ಒಂದೇ ಆಗಿರಬಹುದು. ಎಂಟಿಯು (ಒಮ್ಮೆಗೆ ಸಾಗಿಸಬಹುದಾದ ಪ್ಯಾಕೆಟ್‌ನ ಗರಿಷ್ಠ ಗಾತ್ರ) ಬೇರೆಯಾದರೆ ಸಂಬಂಧ ಎಕ್ಸ್‌ಸ್ಟಾರ್ಟ್ ಅಥವಾ ಎಕ್ಸ್‌ಚೇಂಜ್ ಹಂತದಲ್ಲೇ ನಿಂತುಬಿಡುತ್ತದೆ. ಇವುಗಳಲ್ಲಿ ಒಂದೊಂದನ್ನೂ ನೀವೇ ಕೆಡಿಸಿ, ‘ಶೋ ಐಪಿ ಓಎಸ್‌ಪಿಎಫ್ ನೇಬರ್’ ಏನು ತೋರಿಸುತ್ತದೆ ಎಂದು ಬರೆದಿಡಿ.

ಕಾಸ್ಟ್ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಮೂಲ ಆಧಾರ 100 ಎಂಬಿಪಿಎಸ್. ಹಾಗಾಗಿ 100 ಎಂಬಿಪಿಎಸ್ ಕೊಂಡಿಗೂ, ಗಿಗಾಬಿಟ್ ಕೊಂಡಿಗೂ, 10 ಗಿಗಾಬಿಟ್ ಕೊಂಡಿಗೂ ಕಾಸ್ಟ್ 1 ಎಂದೇ ಬರುತ್ತದೆ. ವೇಗದ ದಾರಿಗೆ ಆದ್ಯತೆ ಸಿಗಬೇಕಾದರೆ ಆಧಾರದ ಬೆಲೆಯನ್ನು ಎಲ್ಲ ರೂಟರ್‌ಗಳಲ್ಲೂ ಒಂದೇ ರೀತಿ ಹೆಚ್ಚಿಸಬೇಕು.

ಏಳನೆಯ ಹೆಜ್ಜೆ: ಸೇವೆ, ಭದ್ರತೆ, ಆಟೊಮೇಷನ್

ಈ ಮೂರೂ ಸೇರಿ ಶೇ 35. ಎಸಿಎಲ್‌ಗೆ ಹೆಚ್ಚು ಗಮನ ಕೊಡಿ. ಸಾಲುಗಳನ್ನು ಮೇಲಿನಿಂದ ಕೆಳಗೆ ಓದಲಾಗುತ್ತದೆ, ಮೊದಲು ಹೊಂದಿದ ಸಾಲೇ ಅಂತಿಮ, ಕೊನೆಯಲ್ಲಿ ಕಣ್ಣಿಗೆ ಕಾಣದ ‘ಎಲ್ಲವನ್ನೂ ತಡೆ’ ಎಂಬ ಸಾಲು ಇರುತ್ತದೆ. ಬರೀ ತಡೆಯುವ ಸಾಲುಗಳಿರುವ ಪಟ್ಟಿಯನ್ನು ಇಂಟರ್‌ಫೇಸಿಗೆ ಹಾಕಿದರೆ ಸಂಚಾರವೆಲ್ಲ ನಿಲ್ಲುವುದು ಅದರಿಂದಲೇ. ಮೂಲ ವಿಳಾಸವನ್ನಷ್ಟೇ ನೋಡುವ ಸ್ಟ್ಯಾಂಡರ್ಡ್ ಎಸಿಎಲ್ ಗಮ್ಯದ ಹತ್ತಿರ, ಎರಡೂ ಕಡೆ ನೋಡುವ ಎಕ್ಸ್‌ಟೆಂಡೆಡ್ ಎಸಿಎಲ್ ಮೂಲದ ಹತ್ತಿರ ಇರಬೇಕು.

ಒಳಜಾಲದ ವಿಳಾಸವನ್ನು ಹೊರಗಿನ ವಿಳಾಸಕ್ಕೆ ಬದಲಿಸುವ ನ್ಯಾಟ್ ಕೆಲಸ ಮಾಡದಿದ್ದರೆ ಮೊದಲು ಇಂಟರ್‌ಫೇಸ್‌ಗಳಿಗೆ ‘ಇನ್‌ಸೈಡ್’, ‘ಔಟ್‌ಸೈಡ್’ ಗುರುತು ಹಾಕಿದ್ದೀರಾ ನೋಡಿ. ಐಪಿ ವಿಳಾಸ ಕೇಳುವ ವಿನಂತಿಯನ್ನು ಬೇರೆ ಜಾಲದ ಸರ್ವರ್‌ಗೆ ದಾಟಿಸುವ ಡಿಎಚ್‌ಸಿಪಿ ರಿಲೇಗೆ ಬೇಕಾದ ‘ಐಪಿ ಹೆಲ್ಪರ್-ಅಡ್ರೆಸ್’ ಅನ್ನು ಬಳಕೆದಾರರ ಕಡೆಯ ಇಂಟರ್‌ಫೇಸಿನಲ್ಲಿ ಕೊಡಬೇಕು, ಸರ್ವರ್ ಕಡೆಯದರಲ್ಲಿ ಅಲ್ಲ. ಸಾಧನಗಳ ಸಂದೇಶಗಳನ್ನು ದಾಖಲಿಸುವ ಸಿಸ್‌ಲಾಗ್‌ನ ಮಟ್ಟಗಳು 0ಯಿಂದ 7, ಸೊನ್ನೆ ಅತಿ ಗಂಭೀರ. ಅನುಮತಿಯಿಲ್ಲದ ಯಂತ್ರ ಜೋಡಿಸಿದಾಗ ಪೋರ್ಟ್ ಸೆಕ್ಯುರಿಟಿ ತೋರುವ ಮೂರು ವರ್ತನೆಗಳಲ್ಲಿ ಪೋರ್ಟನ್ನೇ ಮುಚ್ಚುವುದು ಯಾವುದು, ಸದ್ದಿಲ್ಲದೆ ತಡೆಯುವುದು ಯಾವುದು, ತಡೆದು ವರದಿ ಮಾಡುವುದು ಯಾವುದು ಎಂಬ ವ್ಯತ್ಯಾಸ ತಿಳಿದಿರಲಿ.

ಆಟೊಮೇಷನ್ ಹೆಸರು ಕೇಳಿ ಪ್ರೋಗ್ರಾಮಿಂಗ್ ಬಾರದವರು ಹಿಂದೆಗೆಯಬೇಡಿ. ಕೋಡ್ ಬರೆಯಲು ಯಾರೂ ಕೇಳುವುದಿಲ್ಲ. ಜೇಸನ್ ಕಡತವೊಂದನ್ನು ಕೊಟ್ಟರೆ ಯಾವುದು ಕೀ, ಯಾವುದು ಬೆಲೆ, ಯಾವುದು ಪಟ್ಟಿ ಎಂದು ಗುರುತಿಸಬೇಕು. ಕಂಟ್ರೋಲರ್ ಆಧಾರಿತ ಜಾಲದಲ್ಲಿ ಮೇಲ್ಮುಖ ಮತ್ತು ಕೆಳಮುಖ ಎಪಿಐಗಳು ಯಾರೊಂದಿಗೆ ಮಾತನಾಡುತ್ತವೆ ಎಂದು ಹೇಳಬೇಕು. ಒಂದು ವಾರ ಶ್ರದ್ಧೆಯಿಂದ ಓದಿದರೆ ಈ ಅಂಕಗಳು ನಿಮ್ಮವೇ.

ಎಂಟನೆಯ ಹೆಜ್ಜೆ: ಕೆಡಿಸಿ ಸರಿಪಡಿಸುವ ಅಭ್ಯಾಸ

ಪಾಠದಲ್ಲಿದ್ದ ಕಮಾಂಡ್‌ಗಳನ್ನು ನೋಡಿಕೊಂಡು ಟೈಪ್ ಮಾಡುವುದು ಪ್ರಯೋಗವಲ್ಲ. ಪ್ರತಿ ಕಮಾಂಡ್ ಒತ್ತುವ ಮುನ್ನ ಏನಾಗಬೇಕೆಂದು ಒಂದು ಸಾಲು ಬರೆಯಿರಿ. ಫಲಿತಾಂಶ ನಿಮ್ಮ ಊಹೆಗೆ ಹೊಂದದಿದ್ದರೆ ಅಲ್ಲೇ ನಿಲ್ಲಿ, ಕಾರಣ ಸಿಗುವವರೆಗೆ ಮುಂದೆ ಹೋಗಬೇಡಿ. ಕಲಿಕೆ ನಡೆಯುವುದು ಆ ಅಂತರದಲ್ಲಿ.

ಕೊನೆಯ ತಿಂಗಳಲ್ಲಿ ಒಂದು ದೊಡ್ಡ ಜಾಲ ಕಟ್ಟಿ: ಮೂರು ರೂಟರ್, ನಾಲ್ಕು ಸ್ವಿಚ್, ಮೂರು ವಿಲ್ಯಾನ್, ಓಎಸ್‌ಪಿಎಫ್, ನ್ಯಾಟ್, ಡಿಎಚ್‌ಸಿಪಿ, ಎಸಿಎಲ್, ಎಲ್ಲಕ್ಕೂ ಎಸ್‌ಎಸ್‌ಎಚ್. ಸರಿಯಾಗಿ ನಡೆಯುವ ಪ್ರತಿಯನ್ನು ಉಳಿಸಿಕೊಂಡು, ಓದುತ್ತಿರುವ ಗೆಳೆಯರಿಗೆ ಕೊಟ್ಟು ಮೂರು ತಪ್ಪು ಸೇರಿಸಿ ಹಿಂದಿರುಗಿಸಲು ಹೇಳಿ. ಕಾನ್ಫಿಗರೇಷನ್ ಪೂರ್ತಿ ಓದದೆ, ಶೋ ಕಮಾಂಡ್‌ಗಳಿಂದಲೇ ತಪ್ಪು ಹುಡುಕಿ. ಪ್ಯಾಕೆಟ್ ಎಲ್ಲಿಯವರೆಗೆ ತಲುಪಿತು ಎಂಬಲ್ಲಿಂದ ಆರಂಭಿಸಿದರೆ ಹುಡುಕಾಟದ ವ್ಯಾಪ್ತಿ ಬೇಗ ಕಿರಿದಾಗುತ್ತದೆ.

ಒಂಬತ್ತನೆಯ ಹೆಜ್ಜೆ: ಅಣಕು ಪರೀಕ್ಷೆ

ಪಠ್ಯ ಮುಗಿಯುವ ಮೊದಲು ಪೂರ್ಣ ಅಣಕು ಪರೀಕ್ಷೆ ಬರೆಯಬೇಡಿ, ಒಳ್ಳೆಯ ಪ್ರಶ್ನೆಗಳು ವ್ಯರ್ಥವಾಗುತ್ತವೆ. ಮುಗಿದ ಮೇಲೆ ನಿಜವಾದ 120 ನಿಮಿಷದ ಗಡಿಯಲ್ಲಿ ಬರೆಯಿರಿ. ತಪ್ಪಾದವನ್ನಷ್ಟೇ ಅಲ್ಲ, ಸರಿಯಾದವನ್ನೂ ಪರಿಶೀಲಿಸಿ. ಉಳಿದ ಮೂರು ಆಯ್ಕೆಗಳು ಏಕೆ ತಪ್ಪು ಎಂದು ಹೇಳಲು ಬಾರದಿದ್ದರೆ ಆ ವಿಷಯ ಮತ್ತೆ ಓದಬೇಕು.

ಇಂಗ್ಲಿಷ್ ಪ್ರಶ್ನೆಯ ಕೊನೆಯ ವಾಕ್ಯವನ್ನು ಮೊದಲು ಓದುವ ರೂಢಿ ಮಾಡಿಕೊಳ್ಳಿ. ಏನನ್ನು ಕೇಳಿದ್ದಾರೆಂದು ತಿಳಿದ ಮೇಲೆ ಮೇಲಿನ ಉದ್ದದ ವಿವರಣೆಯಲ್ಲಿ ಬೇಕಾದದ್ದು ತಾನಾಗಿ ಕಾಣುತ್ತದೆ. ಎರಡು ಉತ್ತರ ಆರಿಸಿ ಎಂದಿರುವ ಪ್ರಶ್ನೆಗಳನ್ನು ಗಮನಿಸಿ.

ಕದ್ದ ಪ್ರಶ್ನೆಗಳ ಸಂಗ್ರಹಗಳು, ಅಂದರೆ ಡಂಪ್‌ಗಳು, ಅಗ್ಗವಾಗಿ ಸಿಗುತ್ತವೆ. ದಯವಿಟ್ಟು ಮುಟ್ಟಬೇಡಿ. ಅವನ್ನು ಬಳಸುವುದು ಸಿಸ್ಕೋ ಜೊತೆ ನೀವು ಸಹಿ ಮಾಡುವ ಒಪ್ಪಂದಕ್ಕೆ ವಿರುದ್ಧ, ಪ್ರಮಾಣಪತ್ರ ರದ್ದಾಗಬಹುದು. ಅವುಗಳಲ್ಲಿನ ಉತ್ತರಗಳು ಎಷ್ಟೋ ಸಲ ತಪ್ಪೂ ಆಗಿರುತ್ತವೆ. ಅದಕ್ಕಿಂತ ದೊಡ್ಡ ನಷ್ಟ ಸಂದರ್ಶನದಲ್ಲಿ ಆಗುತ್ತದೆ: ಎರಡು ವಿಲ್ಯಾನ್‌ಗಳ ನಡುವೆ ಪ್ಯಾಕೆಟ್ ಹೇಗೆ ಹೋಗುತ್ತದೆ ಎಂದು ಬಿಳಿ ಹಲಗೆಯ ಮೇಲೆ ಬರೆಯಲು ಹೇಳಿದಾಗ ಡಂಪ್ ನೆರವಿಗೆ ಬರುವುದಿಲ್ಲ.

ಹತ್ತನೆಯ ಹೆಜ್ಜೆ: ನೋಂದಣಿ ಮತ್ತು ಪರೀಕ್ಷೆಯ ದಿನ

ಪರೀಕ್ಷೆ ನಡೆಸುವುದು ಪಿಯರ್ಸನ್ ವಿಯುಇ. ಅದರ ಕೇಂದ್ರಕ್ಕೆ ಹೋಗಿ ಬರೆಯಬಹುದು, ಇಲ್ಲವೆ ಮನೆಯಿಂದಲೇ ಕ್ಯಾಮೆರಾ ನಿಗಾದಲ್ಲಿ ಬರೆಯಬಹುದು. ಹತ್ತಿರದಲ್ಲಿ ಕೇಂದ್ರವಿದ್ದರೆ ನನ್ನ ಸಲಹೆ ಅದೇ. ಮನೆಯಲ್ಲಿ ವಿದ್ಯುತ್ ಹೋಗುವುದು, ಇಂಟರ್ನೆಟ್ ಕಡಿದುಹೋಗುವುದು, ಕೋಣೆಗೆ ಯಾರೋ ಬಂದುಬಿಡುವುದು, ಈ ಆತಂಕಗಳು ಅಲ್ಲಿರುವುದಿಲ್ಲ. ಖಾತೆಯಲ್ಲಿರುವ ಹೆಸರು ಗುರುತಿನ ಚೀಟಿಯಲ್ಲಿರುವ ಹೆಸರಿಗೆ ಅಕ್ಷರಶಃ ಹೊಂದಬೇಕು. ನಮ್ಮಲ್ಲಿ ಒಂದು ದಾಖಲೆಯಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ತಂದೆಯ ಪೂರ್ಣ ಹೆಸರು ಇರುವುದು ಸಾಮಾನ್ಯ. ಆದ್ದರಿಂದ ಶುಲ್ಕ ಕಟ್ಟುವ ಮೊದಲೇ ಇದನ್ನು ಸರಿಪಡಿಸಿ, ಯಾವ ಗುರುತಿನ ಚೀಟಿ ಒಪ್ಪುತ್ತಾರೆಂದು ನೋಂದಣಿ ಪುಟದಲ್ಲಿ ಓದಿಕೊಳ್ಳಿ.

ಪರೀಕ್ಷೆಯಲ್ಲಿ ಮುಂದೆ ಹೋದ ಮೇಲೆ ಹಿಂದಿನ ಪ್ರಶ್ನೆಗೆ ಮರಳಲು ಅವಕಾಶವಿಲ್ಲ. ಶಾಲಾ ದಿನಗಳಿಂದ ಕಷ್ಟದ್ದನ್ನು ಕೊನೆಗೆ ಬಿಡುವ ನಮ್ಮ ರೂಢಿ ಇಲ್ಲಿ ನಡೆಯದು. ಎರಡು ನಿಮಿಷ ಮೀರಿದ ಬಹು ಆಯ್ಕೆಯ ಪ್ರಶ್ನೆಗೆ ಇದ್ದುದರಲ್ಲಿ ಉತ್ತಮ ಉತ್ತರ ಕೊಟ್ಟು ಮುಂದುವರಿಯಿರಿ. ರೂಟರ್, ಸ್ವಿಚ್‌ಗಳನ್ನು ಕಾನ್ಫಿಗರ್ ಮಾಡಿಸುವ ಲ್ಯಾಬ್ ಪ್ರಶ್ನೆಗಳಿಗೆ ಸಮಯ ಉಳಿಸಿಕೊಳ್ಳಿ. ಅವುಗಳಲ್ಲಿ ಕೇಳಿದ್ದನ್ನು ಕೇಳಿದ ಹೆಸರಿನಲ್ಲೇ ಮಾಡಿ, ಪರಿಶೀಲಿಸಿ, ಉಳಿಸಲು ಹೇಳಿದ್ದರೆ ಕಾನ್ಫಿಗರೇಷನ್ ಉಳಿಸಿ. ಬರೆಯಲು ಕೊಡುವ ಹಲಗೆಯ ಮೇಲೆ ಆರಂಭದಲ್ಲೇ 128, 192, 224, 240, 248, 252 ಎಂಬ ಮಾಸ್ಕ್ ಸಾಲನ್ನೂ ಅದರ ಕೆಳಗೆ 128, 64, 32, 16, 8, 4 ಎಂಬ ಬ್ಲಾಕ್ ಗಾತ್ರಗಳನ್ನೂ ಬರೆದಿಟ್ಟುಕೊಂಡರೆ ಲೆಕ್ಕದ ಹೊರೆ ಇಳಿಯುತ್ತದೆ.

ತೇರ್ಗಡೆಯ ಅಂಕ ಎಷ್ಟೆಂದು ಸಿಸ್ಕೋ ಪ್ರಕಟಿಸುವುದಿಲ್ಲ, ಆದ್ದರಿಂದ ಅದರ ಊಹಾಪೋಹದಲ್ಲಿ ಸಮಯ ಕಳೆಯಬೇಡಿ. ಅನುತ್ತೀರ್ಣರಾದರೆ ಐದು ದಿನ ಕಾದು ಮತ್ತೆ ಬರೆಯಬಹುದು, ಆದರೆ ಪೂರ್ಣ ಶುಲ್ಕ ಮತ್ತೆ ಕಟ್ಟಬೇಕು. ಅಂಕಪತ್ರ ಪ್ರತಿ ವಿಭಾಗದಲ್ಲಿ ನೀವು ಎಷ್ಟು ಗಳಿಸಿದಿರೆಂದು ತೋರಿಸುತ್ತದೆ. ಐದನೆಯ ದಿನವೇ ಓಡುವ ಬದಲು ಅದರಲ್ಲಿ ಅತಿ ಕಡಿಮೆ ಬಂದ ಎರಡು ವಿಭಾಗಗಳನ್ನು ಹಿಡಿದು ಮೂರು ನಾಲ್ಕು ವಾರ ಪ್ರಯೋಗ ಮಾಡಿ. ಉತ್ತೀರ್ಣರಾದರೆ ಪ್ರಮಾಣಪತ್ರ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಅದರೊಳಗೆ ಇದೇ ಪರೀಕ್ಷೆಯನ್ನು ಮತ್ತೆ ಬರೆದೋ, ಮೇಲಿನ ಹಂತದ ಪರೀಕ್ಷೆಯೊಂದನ್ನು ಗೆದ್ದೋ, ಸಿಸ್ಕೋದ ನಿರಂತರ ಕಲಿಕೆಯ 30 ಕ್ರೆಡಿಟ್‌ಗಳನ್ನು ಗಳಿಸಿಯೋ ನವೀಕರಿಸಿಕೊಳ್ಳಬಹುದು.